ಹೂವಿಗೆ ಕಟ್ಟಿದ ಚೀಲ

ಜನವರಿ 9, 1993

ನರ್ಸಮ್ಮನವರಿಗೆ,

ಮೊದಲನೇ ಮಾತು ಇದು. ಇನ್ನು ಮೇಲೆ ಪಕ್ಕದ ಮನೆ ಕಂಡಕ್ಟರ ಫೋನಿಗೆ ನನ್ನನ್ನು ಕರೆಸಬೇಡ. ಮೊನ್ನೆ ನೀನು ಅಷ್ಟು ಹೊತ್ತು ಏನು ಹೇಳಿದೆಯೋ ದೇವರಿಗೇ ಗೊತ್ತು. ನನಗೆ ಕೇಳಿಸಿದ್ದು ತಗಡಿನ ಡಬ್ಬದಲ್ಲಿ ಕಾಳು ಅಲ್ಲಾಡಿಸಿದ ಸದ್ದು. ಸುತ್ತ ಕಂಡಕ್ಟರ ಮನೆಯವರೆಲ್ಲ ನಿಂತಿದ್ದರು, ಮರ್ಯಾದೆಗೆ 'ಹೂಂ, ಹೂಂ' ಅಂದೆ. ಮನೆಗೆ ಬಂದ ಮೇಲೆ ಯೋಚನೆ ಹತ್ತಿತು, ಹೂಂ ಅನ್ನಬಾರದ್ದಕ್ಕೆ ಅಂದುಬಿಟ್ಟೆನೋ ಏನೋ ಅಂತ. ಒಂದು ಕಿವಿ ಸ್ವಲ್ಪ ಮಂದ ಕಣೇ, ಅಷ್ಟೆ. ಜೀವಮಾನವೆಲ್ಲ ಹೊಲಿಗೆ ಮಿಷನ್ ಪಕ್ಕ ಕೂತವಳ ಕಿವಿ ಇನ್ನು ಹೇಗಿರಬೇಕು? ಕಾಗದ ಬರಿ. ಕಾಗದಕ್ಕೆ ಕೂಗುವ ಅಗತ್ಯವಿಲ್ಲ.

ಇಲ್ಲಿ ನನಗೇನೂ ಕಮ್ಮಿಯಿಲ್ಲ. ಹೊಲಿಗೆ ಕಲಿಯುವ ಹುಡುಗಿಯರು ಬೆಳಗಿನಿಂದ ಮನೆ ತುಂಬ. ಒಬ್ಬಳು ಕಾಜಾ ಹಾಕುತ್ತಾಳೆ, ನಾಲ್ವರು ಹರಟುತ್ತಾರೆ. ನನ್ನ ತಮ್ಮ ಬಂದಿದ್ದ. "ಅಕ್ಕಾ, ಭಾವ ಹೋದ್ಮೇಲೆ ಒಬ್ಬಳೇ ಯಾಕಿರ್ತೀಯ? ನಮ್ಮನೇಗೆ ಬಂದ್ಬಿಡು. ಬಾಡಿಗೆ ಮನೇಲಿ ಬೇರು ಬಿಟ್ಟಿದ್ದೀಯಾ?" ಅಂದ. ಅವನ ಮನೆ ನಾಲ್ಕನೇ ಮಹಡಿ, ಕಾಲಿಗೆ ಮಣ್ಣೇ ಸಿಗುವುದಿಲ್ಲ. ನೋಡೋಣ ಅಂತ ಹೇಳಿ ಕಳಿಸಿದೆ.

ಇನ್ನು ನಿಮ್ಮಣ್ಣನ ದಾಳಿಂಬೆ ಗಿಡ. ಎಲ್ಲಿಂದಲೋ ಕಡ್ಡಿ ತಂದು ಹಿತ್ತಲಲ್ಲಿ ಊರಿದರಲ್ಲ, ಅದು. ಗ್ಯಾರೇಜಿನಿಂದ ಬಂದವರು ಕೈಯ ಗ್ರೀಸನ್ನೂ ತೊಳೆಯದೆ ಮೊದಲು ಅದನ್ನು ಮಾತಾಡಿಸಿ ಆಮೇಲೆ ನನ್ನನ್ನು ಮಾತಾಡಿಸುತ್ತಿದ್ದರು. ನನ್ನ ಪಾಲಿಗೆ ಅದು ಸವತಿಯೇ. ಈಗ ಆಳೆತ್ತರ ಮೀರಿದೆ, ಕೆಂಡದ ಬಣ್ಣದ ಹೂವು ಬಿಡುತ್ತೆ, ಎಲ್ಲ ಉದುರುತ್ತೆ. ಇವತ್ತಿನವರೆಗೆ ಒಂದು ಕಾಯಿ ಇಲ್ಲ. ಗುಡಿಸುವ ಕೆಲಸ ಮಾತ್ರ ನನಗೆ. ಕಡಿದು ಹಾಕಲೇ? ನಿಮ್ಮಣ್ಣನ ವಸ್ತು, ಅದಕ್ಕೆ ನಿನ್ನನ್ನೊಂದು ಮಾತು ಕೇಳುತ್ತಿದ್ದೇನೆ.

ನಿನ್ನ ಅತ್ತಿಗೆ


ಜನವರಿ 27

ಅತ್ತಿಗೆ,

ಫೋನಿನಲ್ಲಿ ಹೇಳಿದ್ದು ದೊಡ್ಡ ವಿಷಯವೇನಲ್ಲ, ಬಿಡಿ. ಹೀಗೇ ಮಾತಾಡಬೇಕು ಅನ್ನಿಸಿತು, ಮಾಡಿದೆ.

ಗಿಡ ಕಡಿಯಬೇಡಿ, ನಿಮ್ಮ ದಮ್ಮಯ್ಯ. ನಮ್ಮ ಆಸ್ಪತ್ರೆಯ ಫಾರ್ಮಸಿಸ್ಟರ ಮನೆಯಲ್ಲಿ ಮೂರು ದಾಳಿಂಬೆ ಗಿಡಗಳಿವೆ. ಮಾತ್ರೆಗಿಂತ ಹೆಚ್ಚು ಅವುಗಳ ಬಗ್ಗೆಯೇ ಮಾತಾಡುವ ಮನುಷ್ಯ. ಅವರನ್ನು ಕೇಳಿದೆ. "ದಿನಾ ನೀರು ಹಾಕ್ತಾರಾ ನಿಮ್ಮ ಅತ್ತಿಗೆ? ಹಾಗಾದ್ರೆ ಅದು ಕೊಬ್ಬಿದೆ" ಅಂದರು. ನಮ್ಮಂಥ ಬಿಸಿಲಿನ ಊರುಗಳಲ್ಲಿ ಗಿಡಕ್ಕೆ ಚಳಿಗಾಲದ ನಿದ್ದೆ ಇರುವುದಿಲ್ಲವಂತೆ. ವರ್ಷವಿಡೀ ಅಲ್ಲೊಂದು ಇಲ್ಲೊಂದು ಹೂ ಬಿಟ್ಟು ಸುಸ್ತಾಗುತ್ತದಂತೆ. ನಾವೇ ಅದನ್ನು ಮಲಗಿಸಬೇಕು. ಈಗಿನಿಂದ ನೀರು ಪೂರ್ತಿ ನಿಲ್ಲಿಸಿ. ಎಲೆ ಹಳದಿಯಾಗಿ ಉದುರುವವರೆಗೆ ಒಂದು ತಂಬಿಗೆಯೂ ಬೇಡ. ಬುಡದಿಂದ ಏಳುವ ಎಳೆ ಕಡ್ಡಿಗಳನ್ನೆಲ್ಲ ಕತ್ತರಿಸಿ, ಗಟ್ಟಿಯಾದ ನಾಲ್ಕು ಕಾಂಡ ಉಳಿಸಿಕೊಳ್ಳಿ. ಎಲೆ ಉದುರಿದ ಮೇಲೆ ಬರೆಯಿರಿ, ಮುಂದಿನದು ಕೇಳಿ ಹೇಳುತ್ತೇನೆ.

ನಾನು ಚೆನ್ನಾಗಿದ್ದೇನೆ. ಮಕ್ಕಳ ವಾರ್ಡಿನಲ್ಲಿ ಕೆಲಸ ಜಾಸ್ತಿ. ನನ್ನ ಕೋಣೆಯ ಗೆಳತಿ, ಆ ಲ್ಯಾಬಿನವಳು, ನಿಮ್ಮನ್ನು ಕೇಳಿದೆನೆಂದು ತಿಳಿಸು ಅಂದಳು. ಸಂಜೆ ಅವಳ ಮಾತು ಕೇಳುವುದರಲ್ಲೇ ಹೊತ್ತು ಹೋಗುತ್ತದೆ.

ನಿಮ್ಮ ನಾದಿನಿ


ಮಾರ್ಚ್ 2

ನರ್ಸಮ್ಮ,

ನೀರು ನಿಲ್ಲಿಸು ಅಂದೆ, ನಿಲ್ಲಿಸಿದೆ. ಈಗ ಬಂದು ನೋಡು. ಬಂದು ನೋಡು ಅಂದದ್ದು ಮಾತಿಗೆ, ನಿನಗೆಲ್ಲಿ ರಜೆ.

ಒಂದೆಲೆ ಇಲ್ಲದೆ ಪೊರಕೆ ನೆಟ್ಟ ಹಾಗೆ ನಿಂತಿದೆ. ಕಂಡಕ್ಟರ ಹೆಂಡತಿ ಗೋಡೆಯ ಮೇಲಿಂದ ಇಣುಕಿ, "ಅಯ್ಯೋ, ಬಂಗಾರದಂಥ ಗಿಡ, ಏನ್ ಮಾಡಿದ್ರಿ?" ಅಂದಳು. ಏನೂ ಮಾಡಿಲ್ಲ, ನೀರು ಹಾಕಿಲ್ಲ ಅಷ್ಟೆ ಅಂತ ಹೇಳಬೇಕಿತ್ತು. ಬಾವಿಕಟ್ಟೆಗೆ ಹೋಗುವಾಗ ಅದರ ಕಡೆ ನೋಡದೆ ಹೋಗುತ್ತೇನೆ. ಕೊಡದಲ್ಲಿ ನೀರಿದೆ, ಅದು ಬಾಯಿ ಬಿಟ್ಟು ನಿಂತಿದೆ, ಕೊಡಬಾರದು ಅಂತ ನಿನ್ನ ಫಾರ್ಮಸಿಸ್ಟನ ಅಪ್ಪಣೆ. ಒಂದು ದಿನ ತಡೆಯಲಾರದೆ ತಂಬಿಗೆ ತುಂಬಿಕೊಂಡು ಹೋಗಿ ನಿಂತೆ. ಆಮೇಲೆ ಆ ನೀರಲ್ಲಿ ಮುಖ ತೊಳೆದುಕೊಂಡು ಒಳಗೆ ಬಂದೆ. ಈ ವೈದ್ಯ ನನಗೆ ಹಿಡಿಸಲಿಲ್ಲ ಕಣೇ. ಪ್ರೀತಿ ಇದ್ದವರು ಹೀಗೆ ಒಣಗಿಸುತ್ತಾರಾ?

ಹೊಲಿಗೆ ಹುಡುಗಿಯರ ಗಲಾಟೆಯಲ್ಲಿ ನನಗೆ ಇದೊಂದು ಚಿಂತೆ ಸೇರಿಕೊಂಡಿದೆ. ಬೇಗ ಬರಿ, ಎಂದಿನಿಂದ ನೀರು ಹಾಕಲಿ?

ಅತ್ತಿಗೆ


ಮಾರ್ಚ್ 16

ಅತ್ತಿಗೆ,

ಸಾಕು, ಇನ್ನು ನೀರು ಕೊಡಿ. ಮೊದಲು ಬುಡದ ಸುತ್ತ ಮಣ್ಣು ಸಡಿಲಿಸಿ ಗೊಬ್ಬರ ಹಾಕಿ. ಮೊದಲ ಸಲ ತುಸು ನೀರು, ಎರಡನೇ ಸಲ ಧಾರಾಳ, ಆಮೇಲೆ ಒಂದೇ ಅಳತೆ. ಒಂದು ದಿನ ಮರೆತು ಇನ್ನೊಂದು ದಿನ ಎರಡರಷ್ಟು ಸುರಿದರೆ ಮುಂದೆ ಹಣ್ಣು ಸೀಳುತ್ತದಂತೆ. ಹೂವಿನಲ್ಲಿ ಎರಡು ಜಾತಿ. ಗಂಟೆಯ ಹಾಗೆ ಬುಡ ಸಣ್ಣಗಿರುವುದು ಗಂಡು, ಅದು ಉದುರಲೆಂದೇ ಹುಟ್ಟಿದ್ದು, ಅದಕ್ಕೆ ಬೇಸರ ಬೇಡ. ಹೂಜಿಯ ಹಾಗೆ ಬುಡ ಉಬ್ಬಿರುವುದು ಕಾಯಿ ಕಟ್ಟುವ ಹೂವು. ಇನ್ನೊಂದು ಮುಖ್ಯ ವಿಷಯ. ಒಂದು ಚಿಟ್ಟೆ ಬಂದು ಮೊಟ್ಟೆ ಇಟ್ಟು ಹೋಗುತ್ತದಂತೆ, ಹುಳು ಒಳಗೆ ಕೊರೆದುಕೊಂಡು ಹೋಗುತ್ತದೆ. ಆ ಚಿಟ್ಟೆ ಮುಟ್ಟುವ ಮೊದಲೇ ಬಟ್ಟೆಯ ಚೀಲ ಕಟ್ಟಬೇಕು. ಬಟ್ಟೆಯ ವಿಷಯ ನಿಮಗೆ ನಾನು ಹೇಳಬೇಕೇ?

ಇಲ್ಲಿ ಒಂದು ಸುದ್ದಿ. ನಮ್ಮ ಆಸ್ಪತ್ರೆಯವರು ದೂರದ ದ್ವೀಪದಲ್ಲಿ ಹೊಸದೊಂದು ತೆರೆಯುತ್ತಿದ್ದಾರೆ. ಅಲ್ಲಿನ ಮಕ್ಕಳ ವಾರ್ಡನ್ನು ನಾನು ನೋಡಿಕೊಳ್ಳಬೇಕೆಂದು ಮೇಟ್ರನ್ ಹೇಳುತ್ತಿದ್ದಾರೆ. ಒಪ್ಪಿದರೆ ಮೂರು ವರ್ಷ. ಹಡಗಿನಲ್ಲಿ ಹೋಗಬೇಕು, ನಡುವೆ ರಜೆಯಿಲ್ಲ. ಆಗಸ್ಟ್ ಮುಗಿಯುವುದರೊಳಗೆ ಹೇಳಬೇಕು. ಬೇಡವೆಂದರೆ ಇಲ್ಲಿನ ಕೆಲಸ ಬಿಟ್ಟು ಬರುವುದಕ್ಕೂ ಇದೇ ಸಮಯ. ನೀವೇನು ಹೇಳುತ್ತೀರಿ?

ಹಿಂದಿನ ಕೋಣೆಯಲ್ಲಿ ನನ್ನ ಮಂಚ ಇನ್ನೂ ಇದೆಯೇ? ಸುಮ್ಮನೆ ಕೇಳಿದೆ.

ನಾದಿನಿ


ಏಪ್ರಿಲ್ 25

ನರ್ಸಮ್ಮ,

ನಿನ್ನ ಫಾರ್ಮಸಿಸ್ಟನ ಬಾಯಿಗೆ ಸಕ್ಕರೆ ಹಾಕು. ಗಿಡ ಹೊತ್ತಿಕೊಂಡ ಹಾಗೆ ಹೂ ಬಿಟ್ಟಿದೆ! ಬಾಗಿಲು ತೆರೆದರೆ ಹಿತ್ತಲೆಲ್ಲ ಕೆಂಪು. ಗಂಟೆ ಯಾವುದು ಹೂಜಿ ಯಾವುದು ಅಂತ ಮೊಗ್ಗಿನಲ್ಲೇ ಗುರುತು ಹಿಡಿಯುವಷ್ಟು ಪಂಡಿತೆ ಆಗಿದ್ದೇನೆ.

ಚೀಲದ ವಿಷಯ ಹೇಳಬೇಕು. ನನ್ನ ಹತ್ತಿರ ಸ್ಯಾಟಿನ್ ತುಂಡುಗಳಿದ್ದವು. ಚಿಟ್ಟೆ ಸಣ್ಣ ಸಂದಿಯಲ್ಲೂ ನುಗ್ಗಬಹುದು ಅಂತ ಒಳಗೆ ಲೈನಿಂಗ್ ಕೊಟ್ಟೆ, ಬಾಯಿಗೆ ಲಾಡಿ ಪೋಣಿಸಿದೆ, ಅಂಚಿಗೆ ಎರಡು ಹೊಲಿಗೆ ಹಾಕಿದೆ. ಹೂಜಿ ಮೊಗ್ಗು ಕಂಡದ್ದೇ ತಡ, ಅರಳುವ ಮೊದಲೇ ಕಟ್ಟಿಬಿಟ್ಟೆ. ಯಾವ ಚಿಟ್ಟೆ ಬರುತ್ತೋ ಬರಲಿ ಈಗ. ಕೆಲವು ರೆಂಬೆ ಭಾರಕ್ಕೆ ಬಗ್ಗಿವೆ, ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗೆ. ಕಂಡಕ್ಟರ ಹೆಂಡತಿ, "ಏನ್ರೀ ಟೈಲರಮ್ಮ, ಗಿಡಕ್ಕೂ ಯೂನಿಫಾರಂ ಹೊಲಿದುಬಿಟ್ರಾ?" ಅಂತ ನಕ್ಕಳು. ನಗಲಿ. ನಿಮ್ಮಣ್ಣ ಇದ್ದಿದ್ದರೆ ಲಾಡಿಯ ಗಂಟು ಸರಿಯಿಲ್ಲ ಅಂತ ಅವರೇ ಬಿಚ್ಚಿ ಕಟ್ಟುತ್ತಿದ್ದರು.

ದ್ವೀಪದ ವಿಷಯ. ನನ್ನನ್ನೇಕೆ ಕೇಳುತ್ತೀ? ನನ್ನನ್ನು ಕೇಳಿ ನೀನು ಯಾವತ್ತು ಏನು ಮಾಡಿದ್ದೀ? ದೊಡ್ಡ ಜವಾಬ್ದಾರಿ, ಸಿಗುವುದು ಸುಲಭವಲ್ಲ. ಹೋಗಬೇಕು ಅನ್ನಿಸಿದರೆ ಹೋಗು. ನನ್ನ ಚಿಂತೆ ಹಚ್ಚಿಕೊಂಡು ಕೂರಬೇಡ, ನನಗಿಲ್ಲಿ ಜನರಿದ್ದಾರೆ. ನಿನ್ನ ಮಂಚ ಪಕ್ಕಕ್ಕೆ ಸರಿಸಿ ಆ ಕೋಣೆಯಲ್ಲಿ ಇನ್ನೆರಡು ಮಿಷನ್ ಹಾಕಿಸಿದ್ದೇನೆ. ಹುಡುಗಿಯರಿಗೆ ಜಾಗ ಸಾಲುತ್ತಿರಲಿಲ್ಲ.

ಅತ್ತಿಗೆ


ಮೇ 20

ಅತ್ತಿಗೆ,

ಕಾಗದ ತಲುಪಿತು. ಹುಡುಗಿಯರಿಗೆ ಜಾಗವಾದದ್ದು ಒಳ್ಳೆಯದಾಯಿತು. ಗಿಡ ಹೂ ಬಿಟ್ಟದ್ದನ್ನು ಫಾರ್ಮಸಿಸ್ಟರಿಗೆ ಹೇಳಿದೆ, ಸಂತೋಷಪಟ್ಟರು. ಚೀಲ ಕಟ್ಟಿದ್ದೂ ಒಳ್ಳೆಯದು.

ಇಲ್ಲಿ ಬಿಡುವಿಲ್ಲ. ಕಾಗದ ತಡವಾದರೆ ಬೇಸರ ಮಾಡಿಕೊಳ್ಳಬೇಡಿ.

ನಾದಿನಿ


ಆಗಸ್ಟ್ 6

ನರ್ಸಮ್ಮನವರಿಗೆ,

ಬೇಸರ ಮಾಡಿಕೊಳ್ಳಬೇಡಿ ಅಂತ ಬರೆದು ನಿಜವಾಗಿಯೂ ಬಾಯಿಗೆ ಬೀಗ ಹಾಕಿಕೊಂಡುಬಿಟ್ಟೆಯಲ್ಲ! ಪೋಸ್ಟಿನವನಿಗೆ ನನ್ನ ಮುಖ ನೋಡಿ ಕನಿಕರ ಬಂದು, ಈಚೆಗೆ ನಮ್ಮ ಬಾಗಿಲು ದಾಟುವಾಗ ಸೈಕಲ್ ಜೋರಾಗಿ ತುಳಿಯುತ್ತಾನೆ.

ಹೋಗಲಿ, ಸುದ್ದಿ ಕೇಳು. ಹಣ್ಣಾಯಿತು ಕಣೇ! ನಿಮ್ಮಣ್ಣನ ಗಿಡದಲ್ಲಿ ಹಣ್ಣು! ಎಂಥ ಗಾತ್ರ ಅಂತೀ, ಒಂದು ಕೈಯಲ್ಲಿ ಹಿಡಿಸುವುದಿಲ್ಲ. ಬೀದಿಗೆಲ್ಲ ಹಂಚಿದೆ. ಕಂಡಕ್ಟರ ಮನೆಯವರು ಬಾಯಿ ಚಪ್ಪರಿಸಿ, "ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಇದು ಅಮೃತ ಕಣ್ರೀ" ಅಂದರು. ಪಾರ್ಸೆಲಿನಲ್ಲಿ ನಾಲ್ಕು ಕಳಿಸಿದ್ದೇನೆ. ಗಿಡದಲ್ಲಿ ಇನ್ನೂ ಬೇಕಾದಷ್ಟಿವೆ. ನಿಂತು ನೋಡಿದರೆ ಕಣ್ಣು ತುಂಬುತ್ತೆ, ಕಾಗದದಲ್ಲಿ ಎಷ್ಟು ಅಂತ ಬರೆಯಲಿ? ಕೊಯ್ಯದೆ ಬಿಟ್ಟಿದ್ದೇನೆ, ಯಾರಾದರೂ ನೋಡುವವರು ಇದ್ದರೆ ನೋಡಲಿ ಅಂತ.

ಆಗಸ್ಟ್ ಬಂತು. ನಿನ್ನ ದ್ವೀಪದ ವಿಷಯ ಏನಾಯಿತು?

ಅತ್ತಿಗೆ


ಆಗಸ್ಟ್ 18

ಅತ್ತಿಗೆ,

ಪಾರ್ಸೆಲ್ ಬಂತು. ಹಣ್ಣು ಒಂದೂ ಕೆಟ್ಟಿರಲಿಲ್ಲ. ಎಷ್ಟು ಕೆಂಪು ಬೀಜ! ನಾನು, ನನ್ನ ಗೆಳತಿ ಕೂತು ತಿಂದೆವು. ಅವಳು ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು.

ನೀವು ಅಲ್ಲಿ ನೆಮ್ಮದಿಯಾಗಿದ್ದೀರಿ ಎಂದು ತಿಳಿದು ನನಗೂ ನಿರ್ಧಾರ ಸುಲಭವಾಯಿತು. ನಿನ್ನೆ ಸಹಿ ಹಾಕಿದೆ. ಸೆಪ್ಟೆಂಬರ್ ಹತ್ತರಂದು ಹಡಗು. ಅಲ್ಲಿನ ವಿಳಾಸ ತಿಳಿದ ಮೇಲೆ ಬರೆಯುತ್ತೇನೆ.

ಆರೋಗ್ಯ ನೋಡಿಕೊಳ್ಳಿ.

ನಾದಿನಿ


ಆಗಸ್ಟ್ 19

ನನ್ನ ನಾದಿನಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಚಿತ್ತುಕಾಟು ಇದ್ದರೂ ಹೀಗೇ ಕಳಿಸುತ್ತೇನೆ.

ಹಣ್ಣು ಆಗಲಿಲ್ಲ ಕಣೇ. ಒಂದೂ ಆಗಲಿಲ್ಲ. ನಿನಗೆ ಕಳಿಸಿದ್ದು ಅಂಗಡಿಯಿಂದ ತಂದದ್ದು. ಚೀಲ ಕಟ್ಟಿ ತಿಂಗಳಾದ ಮೇಲೆ ಬಿಚ್ಚಿ ನೋಡಿದೆ. ಒಳಗೆ ಹೂವು ಬೂಷ್ಟು ಹಿಡಿದು ಕಪ್ಪಗಾಗಿ ಕೂತಿತ್ತು. ಒಂದು ಬಿಚ್ಚಿದೆ, ಹಾಗೇ. ಇನ್ನೊಂದು ಬಿಚ್ಚಿದೆ, ಹಾಗೇ. ಕಂಡಕ್ಟರ ಹೆಂಡತಿ ನನ್ನ ಮುಖದ ಹತ್ತಿರ ಬಂದು ಬಾಯಿ ಅಗಲಿಸಿ ಹೇಳಿದಳು: "ಕಾಯಿ ನಿಂತ ಮೇಲಲ್ವೇನ್ರೀ ಚೀಲ ಕಟ್ಟೋದು? ಹೂವಿಗೇ ಕಟ್ಟಿದ್ರೆ ಜೇನು ಎಲ್ಲಿಂದ ಹೋಗ್ಬೇಕು, ಗಾಳಿ ಎಲ್ಲಿಂದ ಹೋಗ್ಬೇಕು?" ಲೈನಿಂಗ್ ಬೇರೆ ಕೊಟ್ಟಿದ್ದೆನಲ್ಲ! ನಲವತ್ತು ವರ್ಷ ಊರಿನವರ ಮೈಗೆ ಗಾಳಿಯಾಡುವ ಹಾಗೆ ಬಟ್ಟೆ ಹೊಲಿದವಳು ನಾನು. ಅಲ್ಲೇ ಕೂತು ತಲೆ ಚಚ್ಚಿಕೊಂಡೆ.

ಹಣ್ಣಾಗಿದೆ ಅಂತ ಯಾಕೆ ಬರೆದೆ ಗೊತ್ತಾ? ನಿಮ್ಮಣ್ಣನ ಗಿಡ ಫಲ ಕೊಟ್ಟಿದೆ ಅಂದರೆ ನೋಡುವುದಕ್ಕಾದರೂ ನೀನು ಓಡಿ ಬರುತ್ತೀಯ ಅಂದುಕೊಂಡೆ. ಬಂದ ಮೇಲೆ ಬರಿಯ ಗಿಡ ನೋಡಿ ಬೈದರೆ ಬೈಸಿಕೊಳ್ಳೋಣ, ಬಂದಿರುತ್ತೀಯಲ್ಲ ಅಂತ.

ಹೊಲಿಗೆ ಹುಡುಗಿಯರೂ ಇಲ್ಲ. ಹೋದ ವರ್ಷವೇ ಒಬ್ಬೊಬ್ಬರಾಗಿ ಬಿಟ್ಟರು. ಅವರು ಕೇಳಿದ್ದು ನನಗೆ ಕೇಳಿಸುವುದಿಲ್ಲ, ಹೇಳಿದ್ದನ್ನೇ ಹೇಳಿ ಅವರಿಗೂ ಸಾಕಾಯಿತು. ಒಂದು ಕಿವಿ ಅಲ್ಲ, ಎರಡೂ ಹೋಗಿವೆ. ಮಿಷನ್ ತುಳಿದರೆ ಕಾಲಿಗೆ ನಡುಕ ಗೊತ್ತಾಗುತ್ತೆ, ಸದ್ದಿಲ್ಲ. ನಿನ್ನ ಕೋಣೆಯಲ್ಲಿ ಮಿಷನ್ ಇಲ್ಲ. ನಿನ್ನ ಮಂಚ ಇದ್ದಲ್ಲೇ ಇದೆ, ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ. ಯಾಕೆ ಸುಳ್ಳು ಹೇಳಿದೆ ಅಂದರೆ, ಕಿವುಡಿ ಅತ್ತಿಗೆಯನ್ನು ಸಾಕುವುದಕ್ಕೆ ಇದ್ದ ಕೆಲಸ ಬಿಟ್ಟು ಬಂದಳು ಅಂತ ಆಗಬಾರದಿತ್ತು. ನೀನೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಂಚ ಇದೆಯೇ ಅಂತ ಕೇಳಿ ಸುಮ್ಮನಾದೆ. ಬರುತ್ತೇನೆ ಅಂತ ಒಂದು ಮಾತು ಬರೆಯಬಾರದಿತ್ತೇ?

ಮುಂದಿನ ತಿಂಗಳು ನನ್ನನ್ನು ಕರೆದೊಯ್ಯಲು ನನ್ನ ತಮ್ಮ ವ್ಯಾನ್ ತರುತ್ತಾನಂತೆ. ನೀನು ಬರುವುದಾದರೆ ನಾನು ಹೋಗುವುದಿಲ್ಲ. ಈ ಮನೆಯಲ್ಲಿ ದಿನವೆಲ್ಲ ನನ್ನ ಬಾಯಿಂದ ಒಂದು ಮಾತು ಹೊರಡುವುದಿಲ್ಲ, ಹೊರಟರೂ ನನಗೇ ಕೇಳಿಸುವುದಿಲ್ಲ. ನನಗೆ ಭಯವಾಗುತ್ತೆ.

ಬಾ ಕಣೇ.

ಅತ್ತಿಗೆ


ಆಗಸ್ಟ್ 30

ಅತ್ತಿಗೆ,

ನಿಮ್ಮ ಕಾಗದ ನಿನ್ನೆ ಸಂಜೆ ಡ್ಯೂಟಿ ಮುಗಿದಾಗ ಸಿಕ್ಕಿತು. ಓದಿದ ಕೂಡಲೇ ಮೇಟ್ರನ್ ಹತ್ತಿರ ಓಡಿದೆ. ಅವರು ಬಯ್ಯಲಿಲ್ಲ. "ನೀನು ಬರ್ತೀಯ ಅಂತ ತಾನೇ ಆ ಹುಡುಗೀರೆಲ್ಲ ಒಪ್ಪಿದ್ದು? ಈಗ ಅವರಿಗೆ ಏನು ಹೇಳ್ಲಿ?" ಎಂದರು. ನಿಜ. ಹೊಸ ನರ್ಸುಗಳು, ಮೊದಲ ಸಲ ಮನೆ ಬಿಟ್ಟವರು, ನನ್ನ ಹಿಂದೆ ಬರುತ್ತಿದ್ದಾರೆ. ಅವರ ತಾಯಂದಿರು ಬಂದು ನನ್ನ ಕೈ ಹಿಡಿದು ಹೋಗಿದ್ದಾರೆ. ಅವರನ್ನು ಹಡಗು ಹತ್ತಿಸಿ ನಾನು ದಡದಲ್ಲಿ ಉಳಿಯಲಾರೆ.

ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಗೊತ್ತೇ? ನನ್ನ ಮೇಲೂ. ಅಣ್ಣ ನೆಟ್ಟ ಕಡ್ಡಿ ನಾವು ಚಿಕ್ಕವರಿದ್ದ ಮನೆಯ ಗಿಡದ್ದು. ಆ ಜಾತಿಯ ಬೀಜ ಬೆಳ್ಳಗಿರುತ್ತದೆ, ಹಲ್ಲಿನ ಹಾಗೆ. ಅಣ್ಣ ನಿಮಗೆ ಹೇಳಿರಲಿಲ್ಲವೇ? ಹಣ್ಣು ಬಿಡಿಸಿದ ಕೂಡಲೇ ಅದು ಅಂಗಡಿಯದೆಂದು ತಿಳಿಯಿತು. ಅಂಗಡಿಯಿಂದ ತಂದು, ಪಾರ್ಸೆಲ್ ಕಟ್ಟಿ ಇಷ್ಟು ಕಷ್ಟಪಟ್ಟು ಸುಳ್ಳು ಹೇಳುತ್ತಾರೆ ಎಂದರೆ, 'ನೀನಿಲ್ಲದೆ ಎಲ್ಲ ಚೆನ್ನಾಗಿದೆ, ಬರಬೇಡ' ಎಂದೇ ಅರ್ಥ ಎಂದುಕೊಂಡೆ. ಮರುದಿನ ಹೋಗಿ ಸಹಿ ಹಾಕಿದೆ. ಗೆಳತಿಯ ಜೊತೆ ತಿಂದೆ ಎಂದು ಬರೆದೆನಲ್ಲ, ಅವಳು ಹೋದ ಡಿಸೆಂಬರಿನಲ್ಲೇ ಮದುವೆಯಾಗಿ ಹೋದಳು. ನಾಲ್ಕೂ ಹಣ್ಣನ್ನು ಗೋಡೆ ನೋಡುತ್ತ ಒಬ್ಬಳೇ ತಿಂದೆ.

ಜನವರಿಯಲ್ಲಿ ಫೋನಿನಲ್ಲಿ ಹೇಳಿದ್ದೂ ಅದೇ. 'ಇಲ್ಲಿ ಇರಲಾಗುತ್ತಿಲ್ಲ ಅತ್ತಿಗೆ, ಮನೆಗೆ ಬಂದುಬಿಡಲೇ?' ಎಂದು ಕೇಳಿದ್ದೆ. ನೀವು 'ಹೂಂ, ಹೂಂ' ಅಂದಿರಿ. ನಾನು ಟ್ರಂಕು ಒರೆಸಿ ಇಟ್ಟಿದ್ದೆ. ಆಮೇಲೆ ಏನೂ ಕೇಳಿಸಲಿಲ್ಲ ಎಂದು ನಿಮ್ಮ ಕಾಗದ ಬಂತು. ಒಂದು ಸಲ ಬಾಯಿಬಿಟ್ಟು ಕೇಳಿದ್ದನ್ನು ಎರಡನೇ ಸಲ ಬರವಣಿಗೆಯಲ್ಲಿ ಕೇಳಲು ನನ್ನಿಂದ ಆಗಲಿಲ್ಲ.

ಈಗ ಕೇಳುತ್ತೇನೆ. ನೀವು ಬನ್ನಿ. ನನಗೆ ಅಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್ ಕೊಡುತ್ತಾರೆ. ಹಿಂದೆ ಖಾಲಿ ಜಾಗವಿದೆಯಂತೆ, ಮಣ್ಣು ಸ್ವಲ್ಪ ಉಪ್ಪು. ದಾಳಿಂಬೆ ಅಷ್ಟು ಉಪ್ಪಿಗೆ ಹೆದರುವುದಿಲ್ಲ ಎಂದು ಫಾರ್ಮಸಿಸ್ಟರು ಹೇಳಿದರು. ಸಾಕುವ ಮಾತು ಎತ್ತಬೇಡಿ. ನನಗೆ ಸಂಜೆ ಬಾಗಿಲು ತೆರೆದಾಗ ಒಳಗೆ ಒಬ್ಬರು ಇರಬೇಕು. ನಿಮಗೆ ಕೇಳಿಸದಿದ್ದರೆ ನಾನು ಬರೆದು ತೋರಿಸುತ್ತೇನೆ, ಇಷ್ಟು ದಿನ ಬರೆದೇ ತಾನೇ ಜಗಳವಾಡಿದ್ದು?

ಹೊಸ ವಿಳಾಸ ಲಕೋಟೆಯ ಹಿಂದೆ ಇದೆ. ತಮ್ಮನಿಗೆ ಹೂಂ ಅನ್ನಬೇಡಿ.

ನಿಮ್ಮ ನಾದಿನಿ


ಸೆಪ್ಟೆಂಬರ್ 14

ನರ್ಸಮ್ಮ,

ಈ ಕಾಗದ ತಮ್ಮನ ಮನೆಯಿಂದ. ಹೊಸ ವಿಳಾಸ ಗೊತ್ತಿಲ್ಲದೆ ಹಳೆಯ ಆಸ್ಪತ್ರೆಗೇ ಬರೆಯುತ್ತಿದ್ದೇನೆ. ಹಡಗು ಹೋಗಿ ನಾಲ್ಕು ದಿನವಾಯಿತು ಅಂತ ಗೊತ್ತು. ಯಾರಾದರೂ ಪುಣ್ಯಾತ್ಮರು ಕಳಿಸಿಯಾರು.

ಸಹಿ ಹಾಕಿದೆ ಅನ್ನುವ ನಿನ್ನ ಕಾಗದ ಬಂದ ವಾರವೇ ತಮ್ಮನಿಗೆ ವ್ಯಾನ್ ತಾ ಅಂದೆ. ಇನ್ನು ಯಾರಿಗೆ ಕಾಯಬೇಕಿತ್ತು? ಸೆಪ್ಟೆಂಬರ್ ಐದಕ್ಕೆ ಬೀಗ ಕೊಟ್ಟು ಬಂದೆ. ನನ್ನ ಆ ಪುರಾಣದಂಥ ಕಾಗದ ನೀನು ಸಹಿ ಹಾಕಿದ ಮೇಲೆ ನಿನಗೆ ತಲುಪಿರಬೇಕು. ಉತ್ತರ ಬರೆಯುವುದು ಕಷ್ಟ ಅಂತ ನನಗೂ ಅರ್ಥವಾಗುತ್ತೆ. ಬಾ ಅಂದದ್ದನ್ನು ಮರೆತುಬಿಡು. ಮುದುಕಿ ಹೆದರಿ ಏನೋ ಬರೆದಳು ಅಂದುಕೋ. ಹೊರಡುವಾಗ ಗಿಡದಲ್ಲಿ ಉಳಿದಿದ್ದ ಚೀಲಗಳನ್ನೆಲ್ಲ ಕತ್ತರಿಸಿ ತೆಗೆದೆ. ಕಾಯಿ ಬಿಟ್ಟರೆ ಆ ಮನೆಗೆ ಬರುವವರು ತಿನ್ನಲಿ.

ಇಲ್ಲಿ ಎಲ್ಲರೂ ಒಳ್ಳೆಯವರು, ಸುಳ್ಳಲ್ಲ, ನಿಜವಾಗಿಯೇ ಒಳ್ಳೆಯವರು. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಮಾತಾಡುತ್ತಾರೆ, ನಗುತ್ತಾರೆ. ಅವರು ನಕ್ಕದ್ದು ನೋಡಿ ನಾನೂ ನಗುತ್ತೇನೆ. ಒಮ್ಮೊಮ್ಮೆ ತಡವಾಗುತ್ತೆ, ಅವರು ನಿಲ್ಲಿಸಿದ ಮೇಲೂ ನಾನೊಬ್ಬಳೇ ನಗುತ್ತಿರುತ್ತೇನೆ. ತಮ್ಮನ ಹೆಂಡತಿ ಆಗ ನನ್ನ ತಟ್ಟೆಗೆ ಇನ್ನಷ್ಟು ಬಡಿಸುತ್ತಾಳೆ, ಪಾಪ. ಒಬ್ಬಳೇ ಇದ್ದಾಗ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಅತ್ತಿಗೆ


ಅಕ್ಟೋಬರ್ 3

ಅತ್ತಿಗೆ,

ವಾರಕ್ಕೊಂದು ಹಡಗು ಬರುತ್ತದೆ. ಅಂಚೆ ಚೀಲ ಇಳಿಸುವಾಗ ನಾನು ಅಲ್ಲೇ ನಿಂತಿರುತ್ತೇನೆ, ಈಗ ಅಂಚೆಯವನು ನನ್ನನ್ನು ಕಂಡ ಕೂಡಲೇ ಇಲ್ಲವೆಂದು ತಲೆ ಆಡಿಸುತ್ತಾನೆ. ಬನ್ನಿ ಎಂದು ಕೇಳಿದ್ದಕ್ಕೆ ನೀವು ಹೂಂ ಎಂದೂ ಬರೆಯಲಿಲ್ಲ, ಊಹೂಂ ಎಂದೂ ಬರೆಯಲಿಲ್ಲ. ಕೋಪವಿದ್ದರೆ ಬೈದು ಬರೆಯಿರಿ. ನಿಮ್ಮ ಬೈಗುಳವಾದರೂ ಬರಲಿ.

ಹುಡುಗಿಯರು ಮಲಗುವ ಮೊದಲು ಬಂದು ಮನೆಯ ನೆನಪೆಂದು ಅಳುತ್ತಾರೆ. ಸಮಾಧಾನ ಹೇಳಿ ಕಳಿಸುತ್ತೇನೆ. ಎರಡನೇ ಕೋಣೆಯಲ್ಲಿ ಮಂಚ ಹಾಕಿಸಿದ್ದೇನೆ. ಅಲ್ಲಿ ಈವರೆಗೆ ಯಾರೂ ಮಲಗಿಲ್ಲ.

ನಾದಿನಿ


ಅಕ್ಟೋಬರ್ 21

ನನ್ನ ನಾದಿನಿಗೆ,

ನಿನ್ನೆ ಕಂಡಕ್ಟರು ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ನಿನ್ನ ಎರಡು ಕಾಗದಗಳೂ ಅವರ ಕೈಯಲ್ಲಿದ್ದವು. ಮೊದಲನೆಯದು ಬೀಗ ಹಾಕಿದ ಮನೆಯ ಬಾಗಿಲ ಕೆಳಗೆ ಬಿದ್ದಿತ್ತಂತೆ, ಹೊಸ ಬಾಡಿಗೆಯವರು ಗುಡಿಸುವಾಗ ಸಿಕ್ಕಿತಂತೆ. ಅವರು ಇನ್ನೂ ನಿಂತಿದ್ದಾಗಲೇ ಎರಡನ್ನೂ ಓದಿದೆ. ಕೂರಿ ಅನ್ನುವುದನ್ನೂ ಮರೆತೆ.

ಬರುತ್ತಿದ್ದೇನೆ. ಇವತ್ತು ಬೆಳಗ್ಗೆ ಟಿಕೆಟ್ ತೆಗೆದೆ. ಈ ಕಾಗದ ಮತ್ತು ನಾನು ಒಂದೇ ಹಡಗಿನಲ್ಲಿ ಬಂದು ಇಳಿದರೂ ಇಳಿಯಬಹುದು, ಆಗ ಇದನ್ನು ಆಮೇಲೆ ಓದಿಕೋ. ಬೇಡ ಅನ್ನಬೇಕೆಂದಿದ್ದರೂ ಈಗ ನಿನಗೆ ಸಮಯವಿಲ್ಲ.

ಹಡಗಿನ ಕಚೇರಿಯವನು ವಾಪಸು ಯಾವತ್ತಿಗೆ ಅಂತ ಕೇಳಿದ. ಪಕ್ಕದಲ್ಲಿದ್ದ ತಮ್ಮನೂ ನನ್ನ ಕಡೆ ತಿರುಗಿ, "ವಾಪಸ್ ಯಾವಾಗಕ್ಕಾ?" ಅಂದ. ಇಬ್ಬರ ತುಟಿಯೂ ನನಗೆ ಚೆನ್ನಾಗಿ ಕಾಣಿಸಿತು. ಕಿವಿ ಕೇಳಿಸದವಳ ಹಾಗೆ ಸುಮ್ಮನೆ ನಿಂತಿದ್ದೆ.

ನಿನ್ನ ಅತ್ತಿಗೆ